ಆಂಟಿಬಯೋಟಿಕ್ ಬಳಕೆ: ವೈದ್ಯರ ನೆನಪಿಗೆ ಗಣಕದ ನೆರವು

ಮಧ್ಯರಾತ್ರಿ ಕಳೆದಿದೆ. ತೀವ್ರ ಜ್ವರದಿಂದ ಬಳಲುತ್ತಿರುವ ರೋಗಿಯೊಬ್ಬರನ್ನು ಆಸ್ಪತ್ರೆಯ ತುರ್ತು ನಿಗಾ ಘಟಕಕ್ಕೆ ಕರೆತರಲಾಗಿದೆ. ರಕ್ತದೊತ್ತಡ ಕುಸಿಯುತ್ತಿದೆ, ಉಸಿರಾಟದ ವೇಗ ಏರುತ್ತಿದೆ. ಸೋಂಕು ರಕ್ತಕ್ಕೆ ವ್ಯಾಪಿಸಿರುವ ಶಂಕೆ. ಪಾಳಿಯಲ್ಲಿರುವ ಕಿರಿಯ ವೈದ್ಯರು ಹೆಚ್ಚು ತಡಮಾಡದೆ ಆಂಟಿಬಯೋಟಿಕ್ ಔಷಧವನ್ನು ಆರಂಭಿಸಬೇಕು. ಆದರೆ ಯಾವ ಔಷಧವನ್ನು? ರಕ್ತದ ಮಾದರಿಯಲ್ಲಿರುವ ರೋಗಾಣುವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಮಣಿಯುತ್ತದೆ ಎಂದು ಪ್ರಯೋಗಾಲಯವು ವರದಿ ನೀಡಲು ಸಾಮಾನ್ಯವಾಗಿ ಎರಡರಿಂದ ಮೂರು ದಿನಗಳು ಬೇಕು. ಅಲ್ಲಿಯವರೆಗೆ ಕಾಯುವಷ್ಟು ಸಮಯ ರೋಗಿಯ ಬಳಿ ಇಲ್ಲ.

ಇದು ಯಾವುದೇ ದೊಡ್ಡ ಆಸ್ಪತ್ರೆಯಲ್ಲಿ ದಿನನಿತ್ಯ ಎದುರಾಗುವ ಸನ್ನಿವೇಶ. ವಿಪರ್ಯಾಸವೆಂದರೆ, ಈ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಮಾಹಿತಿಯ ಬಹುಪಾಲು ಅನೇಕ ವೇಳೆ ಅದೇ ಕಟ್ಟಡದೊಳಗೇ ಇರುತ್ತದೆ. ಇದೇ ರೋಗಿಗೆ ಕೆಲವು ವಾರಗಳ ಹಿಂದೆ ಮೂತ್ರದ ಸೋಂಕು ಬಂದಾಗ ಯಾವ ರೋಗಾಣು ಪತ್ತೆಯಾಗಿತ್ತು ಎಂಬುದು ಪ್ರಯೋಗಾಲಯದ ವಹಿಯಲ್ಲಿದೆ. ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಟಿಪ್ಪಣಿ ಹಳೆಯ ಕಡತದಲ್ಲಿದೆ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಆ ದಿನ ಸಂಜೆಯ ರಕ್ತಪರೀಕ್ಷೆಯ ಹಾಳೆಯಲ್ಲಿದೆ. ಆ ವಾರ್ಡಿನಲ್ಲಿ ಈಚೆಗೆ ಯಾವ ಔಷಧ ಫಲಿಸುತ್ತಿದೆ, ಯಾವುದು ಸೋಲುತ್ತಿದೆ ಎಂಬುದು ಸೂಕ್ಷ್ಮಾಣುಜೀವಿ ವಿಭಾಗದ ಮುಖ್ಯಸ್ಥರಿಗೆ ಗೊತ್ತು. ಆದರೆ ಅವರು ಮನೆಯಲ್ಲಿ ನಿದ್ರಿಸುತ್ತಿದ್ದಾರೆ. ನಾಲ್ಕು ಕಡೆ ಚದುರಿರುವ ಈ ಮಾಹಿತಿಯನ್ನು ಔಷಧ ಬರೆಯುವ ಕ್ಷಣದಲ್ಲಿ ವೈದ್ಯರ ಕಣ್ಣ ಮುಂದೆ ಒಟ್ಟುಗೂಡಿಸಿ ಇಡಲು ಸಾಧ್ಯವೇ ಎಂಬುದೇ ವಿದ್ಯುನ್ಮಾನ ವೈದ್ಯಕೀಯ ದಾಖಲೆಗಳ ಕುರಿತ ಚರ್ಚೆಯ ತಿರುಳು.

ಕೊಟ್ಟರೂ ಕಷ್ಟ, ಬಿಟ್ಟರೂ ಕಷ್ಟ

ಮಾಹಿತಿ ಕೈಗೆ ಸಿಗದಿದ್ದಾಗ ವೈದ್ಯರು ಸಹಜವಾಗಿಯೇ ಅತ್ಯಂತ ಪ್ರಬಲ, ವಿಶಾಲ ವ್ಯಾಪ್ತಿಯ ಔಷಧದ ಮೊರೆ ಹೋಗುತ್ತಾರೆ. ದುರ್ಬಲ ಔಷಧ ನೀಡಿ ರೋಗಿಯನ್ನು ಕಳೆದುಕೊಳ್ಳುವುದಕ್ಕಿಂತ ಪ್ರಬಲ ಔಷಧ ನೀಡಿ ಉಳಿಸಿಕೊಳ್ಳುವುದೇ ಲೇಸು ಎಂಬ ತರ್ಕವನ್ನು ತಪ್ಪೆನ್ನುವಂತಿಲ್ಲ. ಆದರೆ ಪ್ರತಿಯೊಬ್ಬ ರೋಗಿಯ ವಿಷಯದಲ್ಲೂ ಇದೇ ತರ್ಕ ನಡೆದರೆ, ಪ್ರಬಲ ಔಷಧಗಳಿಗೂ ಬಗ್ಗದ ರೋಗಾಣುಗಳು ಆ ಆಸ್ಪತ್ರೆಯಲ್ಲೇ ತಲೆಯೆತ್ತುತ್ತವೆ. ಇಂದಿನ ರೋಗಿಯನ್ನು ಉಳಿಸಲು ಬಳಸಿದ ಅಸ್ತ್ರ ನಾಳಿನ ರೋಗಿಯ ಪಾಲಿಗೆ ಮೊಂಡಾಗುತ್ತದೆ. ಆಂಟಿಬಯೋಟಿಕ್‌ಗಳು ಇತರ ಔಷಧಗಳಿಗಿಂತ ಭಿನ್ನವಾಗಿರುವುದು ಇಲ್ಲಿಯೇ: ಒಬ್ಬರಿಗೆ ನೀಡಿದ ಔಷಧದ ಪರಿಣಾಮವನ್ನು ಮತ್ತೊಬ್ಬರು ಅನುಭವಿಸಬೇಕಾಗುತ್ತದೆ.

ಈ ಸಮಸ್ಯೆಯ ಗಾತ್ರ ಸಣ್ಣದಲ್ಲ. 'ದಿ ಲ್ಯಾನ್ಸೆಟ್' ವೈದ್ಯಕೀಯ ನಿಯತಕಾಲಿಕೆಯು 2022ರ ಜನವರಿಯಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2019ರಲ್ಲಿ ವಿಶ್ವದಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕು ನೇರ ಕಾರಣವಾಗಿತ್ತು.

ಭಾರತದ ಚಿತ್ರಣವೂ ಆತಂಕಕಾರಿಯಾಗಿದೆ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2021ರ ನವೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ 9,652 ಒಳರೋಗಿಗಳ ಸಮೀಕ್ಷೆ ನಡೆಸಿತು. ಸಮೀಕ್ಷೆಯ ದಿನ ಶೇ. 71.9ರಷ್ಟು ರೋಗಿಗಳು ಆಂಟಿಬಯೋಟಿಕ್ ಪಡೆಯುತ್ತಿದ್ದರು. ನೀಡಿದ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇದ್ದ ಸೋಂಕನ್ನು ಗುಣಪಡಿಸಲು ನೀಡಿದವಲ್ಲ, ಸೋಂಕು ಬಾರದಿರಲಿ ಎಂದು ಮುಂಜಾಗ್ರತೆಗಾಗಿ ನೀಡಿದಂಥವು. ಚಿಕಿತ್ಸೆಗೆಂದೇ ನೀಡಿದವುಗಳ ಪೈಕಿ, ಯಾವ ರೋಗಾಣು ಎಂಬುದು ಪರೀಕ್ಷೆಯಿಂದ ಖಚಿತವಾದ ನಂತರ ನೀಡಿದ್ದು ಕೇವಲ ಶೇ. 6ರಷ್ಟು. ಉಳಿದೆಲ್ಲವೂ ವೈದ್ಯರ ಊಹೆ ಮತ್ತು ಅನುಭವವನ್ನು ಆಧರಿಸಿದ್ದವು. ಎಲ್ಲ ಊಹೆಗಳೂ ತಪ್ಪಾಗಿರಲಿಕ್ಕಿಲ್ಲ. ಆದರೆ ಊಹೆಗೆ ಆಧಾರ ಒದಗಿಸುವ ವ್ಯವಸ್ಥೆ ಎಷ್ಟು ದುರ್ಬಲವಾಗಿದೆ ಎಂಬುದನ್ನು ಈ ಅಂಕಿ ಎತ್ತಿ ತೋರಿಸುತ್ತದೆ.

ಕಡತವೇ ಬೇರೆ, ದಾಖಲೆಯೇ ಬೇರೆ

ವಿದ್ಯುನ್ಮಾನ ವೈದ್ಯಕೀಯ ದಾಖಲೆ ಎಂದೊಡನೆ ಅನೇಕರ ಮನಸ್ಸಿಗೆ ಬರುವುದು ರೋಗಿಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಜೋಡಿಸಿಡುವ ಕೆಲಸ. ಇದರಿಂದ ಕಪಾಟಿನ ಜಾಗ ಉಳಿಯಬಹುದೇ ಹೊರತು ಔಷಧದ ಆಯ್ಕೆಗೆ ಯಾವ ಪ್ರಯೋಜನವೂ ಆಗದು. ಸ್ಕ್ಯಾನ್ ಮಾಡಿದ ಹಾಳೆ ಗಣಕದ ಪಾಲಿಗೆ ಒಂದು ಚಿತ್ರ ಮಾತ್ರ; ಅದರಲ್ಲಿ ಏನು ಬರೆದಿದೆ ಎಂಬುದು ಗಣಕಕ್ಕೆ ತಿಳಿಯದು.

ಔಷಧ, ಪ್ರಮಾಣ, ಒಗ್ಗದಿರುವಿಕೆ, ರಕ್ತಪರೀಕ್ಷೆಯ ಫಲಿತಾಂಶ, ರೋಗಾಣುವಿನ ಹೆಸರು, ಅದು ಬಗ್ಗುವ ಔಷಧಗಳ ಪಟ್ಟಿ ಇವೆಲ್ಲವೂ ನಿಗದಿತ ಸಂಕೇತಗಳಲ್ಲಿ, ನಿಗದಿತ ಅಂಕಣಗಳಲ್ಲಿ ದಾಖಲಾದಾಗ ಮಾತ್ರ ಗಣಕವು ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡಬಲ್ಲದು. ಮೂತ್ರಪಿಂಡದ ಕಾರ್ಯಕ್ಷಮತೆ ಸೂಚಿಸುವ ಕ್ರಿಯಾಟಿನಿನ್ ಅಂಶ ಏರಿರುವ ರೋಗಿಗೆ ಜೆಂಟಾಮೈಸಿನ್ ಅಥವಾ ವ್ಯಾಂಕೊಮೈಸಿನ್ ಔಷಧವನ್ನು ಪೂರ್ಣ ಪ್ರಮಾಣದಲ್ಲಿ ಬರೆದರೆ ಎಚ್ಚರಿಸುವುದು, ನಿನ್ನೆ ಬಂದ ಕಲ್ಚರ್ ವರದಿಗೂ ಇಂದು ನಡೆಯುತ್ತಿರುವ ಔಷಧಕ್ಕೂ ಹೊಂದಾಣಿಕೆಯಿಲ್ಲ ಎಂದು ತೋರಿಸುವುದು ಆಗ ಸಾಧ್ಯವಾಗುತ್ತದೆ. ದಾಖಲೆಯು ಬರಿಯ ನೆನಪಿನ ಪೆಟ್ಟಿಗೆಯಾಗಿ ಉಳಿಯದೆ, ತಕ್ಕ ಹೊತ್ತಿನಲ್ಲಿ ನೆನಪಿಸುವ ಸಹಾಯಕನಾಗುವುದು ಹೀಗೆ.

ಸಾಲ್ಟ್ ಲೇಕ್ ಸಿಟಿಯ ಪ್ರಯೋಗ

ಈ ಕಲ್ಪನೆ ಹೊಸದೇನಲ್ಲ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಎಲ್‌ಡಿಎಸ್ ಆಸ್ಪತ್ರೆ ಈ ಹಾದಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟ ಸಂಸ್ಥೆಗಳಲ್ಲೊಂದು. ಹೃದಯರೋಗ ತಜ್ಞ ಡಾ. ಹೋಮರ್ ವಾರ್ನರ್ ಅವರ ಮುಂದಾಳತ್ವದಲ್ಲಿ 1960ರ ದಶಕದಲ್ಲೇ ಅಲ್ಲಿ 'ಹೆಲ್ಪ್' ಎಂಬ ಗಣಕ ವ್ಯವಸ್ಥೆಯ ಬೀಜ ಬಿತ್ತಲಾಗಿತ್ತು. ಪ್ರಯೋಗಾಲಯ, ಔಷಧಾಲಯ, ವಾರ್ಡುಗಳ ಮಾಹಿತಿಯನ್ನು ಒಂದೆಡೆ ತಂದು, ಪೂರ್ವನಿಗದಿತ ನಿಯಮಗಳ ಪ್ರಕಾರ ಪರಿಶೀಲಿಸುವುದು ಅದರ ವೈಶಿಷ್ಟ್ಯ. 1980 ಮತ್ತು 90ರ ದಶಕಗಳಲ್ಲಿ ಅದೇ ಆಸ್ಪತ್ರೆಯ ಸೋಂಕುರೋಗ ತಜ್ಞರು, ಔಷಧ ತಜ್ಞರು ಹಾಗೂ ಗಣಕ ತಜ್ಞರ ತಂಡ ಈ ವ್ಯವಸ್ಥೆಯನ್ನು ಆಂಟಿಬಯೋಟಿಕ್‌ಗಳ ಕಡೆಗೆ ತಿರುಗಿಸಿತು.

ತಂಡ ಗಮನ ಹರಿಸಿದ ವಿಷಯಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ನೀಡುವ ಮುಂಜಾಗ್ರತಾ ಔಷಧವೂ ಒಂದು. 2,847 ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನು ಪರಿಶೀಲಿಸಿ 1992ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟಿಸಿದ ಅಧ್ಯಯನವು, ಔಷಧ ಯಾವುದು ಎಂಬಷ್ಟೇ ಅದನ್ನು ಯಾವಾಗ ನೀಡಲಾಯಿತು ಎಂಬುದೂ ಮುಖ್ಯ ಎಂದು ತೋರಿಸಿತು. ಶಸ್ತ್ರಚಿಕಿತ್ಸೆಗೆ ಹಿಂದಿನ ಎರಡು ಗಂಟೆಗಳೊಳಗೆ ಔಷಧ ಪಡೆದವರಲ್ಲಿ ಗಾಯಕ್ಕೆ ಸೋಂಕು ತಗುಲಿದ್ದು ಶೇ. 0.6ರಷ್ಟು ಮಂದಿಗೆ. ಅದಕ್ಕೂ ಬಹಳ ಮುಂಚೆ ಪಡೆದವರಲ್ಲಿ ಇದು ಶೇ. 3.8, ಶಸ್ತ್ರಚಿಕಿತ್ಸೆ ಆರಂಭವಾಗಿ ಮೂರು ಗಂಟೆಗಳು ಕಳೆದ ಬಳಿಕ ಪಡೆದವರಲ್ಲಿ ಶೇ. 3.3. ಸಮಯ ತಪ್ಪಿದರೆ ಸರಿಯಾದ ಔಷಧವೂ ಫಲ ಕೊಡದು ಎಂಬುದು ಇದರ ಸಾರ.

ಸಮಯಪಾಲನೆಯನ್ನು ನೆನಪಿಸುವ ಕೆಲಸವನ್ನು ಗಣಕಕ್ಕೆ ವಹಿಸಲಾಯಿತು. 1988ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಪೈಕಿ ಶೇ. 40ರಷ್ಟು ಮಂದಿಗೆ ಮಾತ್ರ ಸಕಾಲದಲ್ಲಿ ಔಷಧ ಸಿಗುತ್ತಿತ್ತು. 1994ರ ವೇಳೆಗೆ ಈ ಪ್ರಮಾಣ ಶೇ. 99.1ಕ್ಕೆ ಏರಿತು. ಶಸ್ತ್ರಚಿಕಿತ್ಸೆಗಾಗಿ ನೀಡುವ ಔಷಧದ ಸರಾಸರಿ ಡೋಸುಗಳ ಸಂಖ್ಯೆ 19ರಿಂದ 5.3ಕ್ಕೆ ಇಳಿಯಿತು. ಅಗತ್ಯ ಮುಗಿದ ಮೇಲೂ ಅಭ್ಯಾಸಬಲದಿಂದ ದಿನಗಟ್ಟಲೆ ಮುಂದುವರಿಯುತ್ತಿದ್ದ ಇಂಜೆಕ್ಷನ್‌ಗಳು ನಿಂತವು ಎಂಬುದು ಇದರರ್ಥ.

ಈ ಏಳು ವರ್ಷಗಳ ಅನುಭವದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆಂಟಿಬಯೋಟಿಕ್ ಪಡೆದ ರೋಗಿಗಳ ಪ್ರಮಾಣ ಆ ಅವಧಿಯಲ್ಲಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹಾಗಿದ್ದೂ ಬಳಕೆಯಾದ ಔಷಧದ ಒಟ್ಟು ಪ್ರಮಾಣ ಇಳಿಯಿತು. ಜವಾಬ್ದಾರಿಯುತ ಬಳಕೆ ಎಂದರೆ ಔಷಧ ನಿರಾಕರಿಸುವುದಲ್ಲ. ಬೇಕಾದವರಿಗೆ, ಬೇಕಾದ ಹೊತ್ತಿಗೆ, ಬೇಕಾದಷ್ಟು ದಿನ ಮಾತ್ರ ನೀಡುವುದು ಎಂಬುದಕ್ಕೆ ಇದು ನಿದರ್ಶನ.

ಸಲಹೆ ಗಣಕದ್ದು, ನಿರ್ಧಾರ ವೈದ್ಯರದು

ಮುಂದಿನ ಹಂತದಲ್ಲಿ ಅದೇ ತಂಡ 12 ಹಾಸಿಗೆಗಳ ತೀವ್ರ ನಿಗಾ ಘಟಕವೊಂದರಲ್ಲಿ ಪೂರ್ಣ ಪ್ರಮಾಣದ ಸಲಹಾ ವ್ಯವಸ್ಥೆಯನ್ನು ಪರೀಕ್ಷಿಸಿತು. ವೈದ್ಯರು ರೋಗಿಯ ದಾಖಲೆ ತೆರೆದೊಡನೆ ದೇಹದ ಉಷ್ಣತೆ, ಬಿಳಿ ರಕ್ತಕಣಗಳ ಸಂಖ್ಯೆ, ಮೂತ್ರಪಿಂಡದ ಸ್ಥಿತಿ, ಕ್ಷಕಿರಣ ವರದಿ, ಕಲ್ಚರ್ ಫಲಿತಾಂಶ ಇವೆಲ್ಲವೂ ಒಂದೇ ಪರದೆಯಲ್ಲಿ ಮೂಡುತ್ತಿದ್ದವು. ಅದೇ ಆಸ್ಪತ್ರೆಯಲ್ಲಿ ಇಂತಹುದೇ ರೋಗಿಗಳಲ್ಲಿ ಹಿಂದೆ ಯಾವ ರೋಗಾಣುಗಳು ಕಂಡುಬಂದಿದ್ದವು ಎಂಬುದನ್ನು ಆಧರಿಸಿ ಔಷಧ, ಪ್ರಮಾಣ, ಅವಧಿಯನ್ನು ಗಣಕ ಸೂಚಿಸುತ್ತಿತ್ತು. ಸಲಹೆಯನ್ನು ಒಪ್ಪುವ ಅಥವಾ ತಳ್ಳಿಹಾಕುವ ಪೂರ್ಣ ಸ್ವಾತಂತ್ರ್ಯ ವೈದ್ಯರಿಗಿತ್ತು.

1998ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶಗಳು ವೈದ್ಯಲೋಕದ ಗಮನ ಸೆಳೆದವು. ವ್ಯವಸ್ಥೆ ಜಾರಿಗೆ ಬರುವ ಮುನ್ನಿನ ಎರಡು ವರ್ಷಗಳ 1,136 ರೋಗಿಗಳನ್ನು, ಜಾರಿಯಾದ ಬಳಿಕದ ಒಂದು ವರ್ಷದ 545 ರೋಗಿಗಳೊಂದಿಗೆ ಹೋಲಿಸಲಾಗಿತ್ತು. ಒಗ್ಗದ ಔಷಧ ಬರೆದ ಪ್ರಕರಣಗಳು 146ರಿಂದ 35ಕ್ಕೆ, ಅತಿಯಾದ ಪ್ರಮಾಣದ ಪ್ರಕರಣಗಳು 405ರಿಂದ 87ಕ್ಕೆ, ರೋಗಾಣು ಬಗ್ಗದ ಔಷಧ ನೀಡಿದ ಪ್ರಕರಣಗಳು 206ರಿಂದ 12ಕ್ಕೆ, ಔಷಧದ ದುಷ್ಪರಿಣಾಮಗಳು 28ರಿಂದ 4ಕ್ಕೆ ಇಳಿದಿದ್ದವು. ಮೊದಲ ಗುಂಪು ಎರಡು ಪಟ್ಟು ದೊಡ್ಡದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಇಳಿಕೆ ಗಣನೀಯವೇ.

ಆದರೆ ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಗಣಕದ ಸಲಹೆಯನ್ನು ಸದಾ ಪಾಲಿಸಿದ 203 ರೋಗಿಗಳು ಸರಾಸರಿ 10 ದಿನ ಆಸ್ಪತ್ರೆಯಲ್ಲಿದ್ದರೆ, ಸಲಹೆಯನ್ನು ಒಮ್ಮೆಯಾದರೂ ಮೀರಿದವರು 16.7 ದಿನ ಇದ್ದರು. ಗಣಕದ ಮಾತು ಕೇಳಿದ್ದರಿಂದಲೇ ಬೇಗ ಗುಣವಾಯಿತು ಎಂದು ತೀರ್ಮಾನಿಸುವುದು ದುಡುಕಾದೀತು. ರೋಗ ಜಟಿಲವಾಗಿದ್ದವರ ವಿಷಯದಲ್ಲೇ ವೈದ್ಯರು ಸಿದ್ಧ ಸಲಹೆಯನ್ನು ಮೀರಿರುವ ಸಾಧ್ಯತೆಯಿದೆ. ಅಂಥವರು ಹೆಚ್ಚು ದಿನ ಆಸ್ಪತ್ರೆಯಲ್ಲಿ ಉಳಿಯುವುದು ಸಹಜ. ಜೊತೆಗೆ ಇದು 'ಮೊದಲು ಹಾಗೂ ನಂತರ' ಮಾದರಿಯ ಹೋಲಿಕೆಯೇ ಹೊರತು ರೋಗಿಗಳನ್ನು ಚೀಟಿಯೆತ್ತಿ ವಿಂಗಡಿಸಿ ನಡೆಸಿದ ಪ್ರಯೋಗವಲ್ಲ. ದಶಕಗಳ ಕಾಲ ತಾನೇ ಬೆಳೆಸಿದ ಗಣಕ ವ್ಯವಸ್ಥೆಯಿದ್ದ ಒಂದೇ ಆಸ್ಪತ್ರೆಯ ಅನುಭವ ಬೇರೆಡೆಗೂ ಅನ್ವಯವಾದೀತೇ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು.

59 ಆಸ್ಪತ್ರೆಗಳ ಉತ್ತರ

ಈ ಪ್ರಶ್ನೆಗೆ ದೊಡ್ಡ ಪ್ರಮಾಣದ ಉತ್ತರ ದೊರೆತದ್ದು 2024ರಲ್ಲಿ. ಅಮೆರಿಕದ ಒಂದೇ ಆಸ್ಪತ್ರೆ ಸಮೂಹಕ್ಕೆ ಸೇರಿದ 59 ಆಸ್ಪತ್ರೆಗಳಲ್ಲಿ ನಡೆದ 'ಇನ್‌ಸ್ಪೈರ್' ಹೆಸರಿನ ಎರಡು ಪ್ರಯೋಗಗಳ ವರದಿ ಅಮೆರಿಕನ್ ವೈದ್ಯಕೀಯ ಸಂಘದ ನಿಯತಕಾಲಿಕೆ 'ಜಾಮಾ'ದಲ್ಲಿ ಆ ವರ್ಷದ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಇಲ್ಲಿ ಆಸ್ಪತ್ರೆಗಳನ್ನೇ ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಒಂದು ಗುಂಪಿನಲ್ಲಿ ಎಂದಿನ ಕ್ರಮ. ಇನ್ನೊಂದರಲ್ಲಿ ಗಣಕದ ಸೂಚನೆ ಹಾಗೂ ವೈದ್ಯರಿಗೆ ತರಬೇತಿ.

ಸೂಚನೆ ಕೆಲಸ ಮಾಡುತ್ತಿದ್ದ ಬಗೆ ಸರಳ. ನ್ಯುಮೋನಿಯಾ ಅಥವಾ ಮೂತ್ರನಾಳದ ಸೋಂಕಿನಿಂದ ದಾಖಲಾದ, ತೀವ್ರ ನಿಗಾ ಘಟಕದ ಅಗತ್ಯವಿಲ್ಲದ ರೋಗಿಗೆ ಮೊದಲ ಮೂರು ದಿನಗಳಲ್ಲಿ ವೈದ್ಯರು ವಿಶಾಲ ವ್ಯಾಪ್ತಿಯ ಔಷಧ ಬರೆಯಲು ಮುಂದಾದರೆ, ಆ ರೋಗಿಯಲ್ಲಿ ಬಹು ಔಷಧಗಳಿಗೆ ಬಗ್ಗದ ರೋಗಾಣು ಇರುವ ಸಂಭವ ಎಷ್ಟೆಂದು ಗಣಕವು ದಾಖಲೆಗಳಿಂದ ಲೆಕ್ಕ ಹಾಕುತ್ತಿತ್ತು. ಸಂಭವ ಶೇ. 10ಕ್ಕಿಂತ ಕಡಿಮೆಯಿದ್ದರೆ, ಸಾಮಾನ್ಯ ವ್ಯಾಪ್ತಿಯ ಔಷಧವೇ ಸಾಕೆಂದು ಪರದೆಯ ಮೇಲೆ ಸೂಚನೆ ಮೂಡುತ್ತಿತ್ತು. ಸಂಭವ ಹೆಚ್ಚಿದ್ದರೆ ಗಣಕ ಮಧ್ಯೆ ಬರುತ್ತಿರಲಿಲ್ಲ.

ನ್ಯುಮೋನಿಯಾದ 96,451 ರೋಗಿಗಳನ್ನು ಒಳಗೊಂಡ ಪ್ರಯೋಗದಲ್ಲಿ ವಿಶಾಲ ವ್ಯಾಪ್ತಿಯ ಔಷಧದ ಬಳಕೆ ಶೇ. 28.4ರಷ್ಟು ಕಡಿಮೆಯಾಯಿತು. ಮೂತ್ರನಾಳ ಸೋಂಕಿನ 1,27,403 ರೋಗಿಗಳ ಪ್ರಯೋಗದಲ್ಲಿ ಇಳಿಕೆ ಶೇ. 17.4ರಷ್ಟು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಹೀಗೆ ಕಡಿಮೆ ಪ್ರಬಲ ಔಷಧ ಬಳಸಿದ್ದರಿಂದ ತೀವ್ರ ನಿಗಾ ಘಟಕಕ್ಕೆ ಹೋಗಬೇಕಾದವರ ಪ್ರಮಾಣವಾಗಲಿ, ಆಸ್ಪತ್ರೆಯಲ್ಲಿ ಕಳೆದ ದಿನಗಳಾಗಲಿ ಹೆಚ್ಚಲಿಲ್ಲ. 'ಪ್ರಬಲ ಔಷಧ ಕೊಡದಿದ್ದರೆ ರೋಗಿ ಕೈಬಿಟ್ಟು ಹೋದಾನು' ಎಂಬ ವೈದ್ಯರ ಭಯಕ್ಕೆ, ಅಪಾಯ ಕಡಿಮೆಯಿರುವ ರೋಗಿಗಳ ಮಟ್ಟಿಗೆ, ಇದು ಆಧಾರಸಹಿತ ಸಮಾಧಾನ.

ಎಲ್ಲೆಲ್ಲಿ ನೆರವಾಗಬಲ್ಲದು?

ಔಷಧ ಬರೆಯುವ ಮೊದಲ ಕ್ಷಣ ಇಡೀ ಸರಪಳಿಯ ಒಂದು ಕೊಂಡಿ ಮಾತ್ರ. ಎರಡನೆಯ ಕೊಂಡಿ 48ರಿಂದ 72 ಗಂಟೆಗಳ ನಂತರದ ಮರುಪರಿಶೀಲನೆ. ಅಷ್ಟರಲ್ಲಿ ಕಲ್ಚರ್ ವರದಿ ಬಂದಿರುತ್ತದೆ, ರೋಗಿಯ ಸ್ಥಿತಿಯೂ ಸ್ಪಷ್ಟವಾಗಿರುತ್ತದೆ. ಔಷಧ ನಿಲ್ಲಿಸಬೇಕೇ, ಕಿರಿದಾದ ವ್ಯಾಪ್ತಿಯ ಔಷಧಕ್ಕೆ ಇಳಿಸಬೇಕೇ, ಇಂಜೆಕ್ಷನ್ ಬದಲು ಮಾತ್ರೆ ಸಾಕೇ ಎಂದು ನಿರ್ಧರಿಸಬೇಕಾದ ಹೊತ್ತು ಅದು. ಕಾಗದದ ವ್ಯವಸ್ಥೆಯಲ್ಲಿ ವರದಿ ಪ್ರಯೋಗಾಲಯದಿಂದ ವಾರ್ಡಿಗೆ ಬಂದು ಕಡತ ಸೇರುವಷ್ಟರಲ್ಲಿ ಪಾಳಿ ಬದಲಾಗಿರುತ್ತದೆ. ಆರಂಭಿಸಿದ ವೈದ್ಯರು ಒಬ್ಬರು, ಮುಂದುವರಿಸುವವರು ಇನ್ನೊಬ್ಬರು. 'ಹಿಂದಿನವರು ಬರೆದಿದ್ದಾರೆ, ಇರಲಿ' ಎಂದು ಔಷಧ ಮುಂದುವರಿಯುತ್ತದೆ. ಮೂರನೆಯ ದಿನ ತಾನಾಗಿಯೇ ನೆನಪಿಸುವ ದಾಖಲೆಯಿದ್ದರೆ ಈ ಉದಾಸೀನಕ್ಕೆ ಅವಕಾಶ ಕಡಿಮೆ.

ಮೂರನೆಯದು, ಕಾರಣ ಬರೆಸುವುದು. ಯಾವ ಸೋಂಕಿಗೆ ಔಷಧ ನೀಡಲಾಗುತ್ತಿದೆ, ಎಷ್ಟು ದಿನಕ್ಕೆ ಎಂಬ ಎರಡು ಅಂಕಣಗಳನ್ನು ತುಂಬದೆ ಆದೇಶ ಮುಂದೆ ಹೋಗದಂತೆ ಮಾಡಿದರೆ, ಕಾರಣವಿಲ್ಲದ ಔಷಧ ಅಲ್ಲಿಯೇ ಕಣ್ಣಿಗೆ ಬೀಳುತ್ತದೆ. ನಾಲ್ಕನೆಯದು, ಲೆಕ್ಕ. ಯಾವ ವಾರ್ಡಿನಲ್ಲಿ ಯಾವ ಔಷಧ ಎಷ್ಟು ಬಳಕೆಯಾಗುತ್ತಿದೆ, ರೋಗಾಣುಗಳು ಯಾವ ಔಷಧಕ್ಕೆ ಬಗ್ಗುತ್ತಿವೆ ಎಂಬ ಆಸ್ಪತ್ರೆಯದೇ ಆದ ಪಟ್ಟಿ ದಾಖಲೆಗಳಿಂದ ಸಿದ್ಧವಾಗುತ್ತದೆ. ಬೇರೆ ದೇಶದ ಪಠ್ಯಪುಸ್ತಕ ಹೇಳುವ ಔಷಧ ಇಲ್ಲಿನ ರೋಗಾಣುವಿನ ಮೇಲೆ ಕೆಲಸ ಮಾಡದಿರಬಹುದು. ಹುಬ್ಬಳ್ಳಿಯ ಆಸ್ಪತ್ರೆಯ ಪಟ್ಟಿಗೂ ಬೆಂಗಳೂರಿನ ಆಸ್ಪತ್ರೆಯ ಪಟ್ಟಿಗೂ ವ್ಯತ್ಯಾಸವಿರಬಹುದು. ಒಂದೇ ಆಸ್ಪತ್ರೆಯ ಎರಡು ವಾರ್ಡುಗಳ ನಡುವೆಯೂ ಇರಬಹುದು.

ಗಂಟೆ ಅತಿಯಾದರೆ ಕಿವಿ ಮಂದ

ಗಣಕ ಸರ್ವರೋಗ ನಿವಾರಕವಲ್ಲ. ಪ್ರತಿ ಔಷಧಕ್ಕೂ, ಪ್ರತಿ ಸಣ್ಣ ಸಂಗತಿಗೂ ಎಚ್ಚರಿಕೆ ಮೂಡತೊಡಗಿದರೆ ವೈದ್ಯರು ಓದದೆಯೇ ಅವನ್ನು ಮುಚ್ಚುವ ಅಭ್ಯಾಸಕ್ಕೆ ಬೀಳುತ್ತಾರೆ. ನಿಜವಾಗಿ ಅಪಾಯಕಾರಿಯಾದ ಎಚ್ಚರಿಕೆಯೂ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಇದನ್ನು 'ಎಚ್ಚರಿಕೆಯ ಆಯಾಸ' ಎಂದು ಕರೆಯಲಾಗುತ್ತದೆ. ಆದ್ದರಿಂದ ಯಾವುದಕ್ಕೆ ಮೌನವಾಗಿರಬೇಕು ಎಂಬುದನ್ನು ಗಣಕಕ್ಕೆ ಕಲಿಸುವುದು, ಯಾವುದಕ್ಕೆ ಮಾತನಾಡಬೇಕು ಎಂದು ಕಲಿಸುವಷ್ಟೇ ಮುಖ್ಯ.

ತಪ್ಪು ದಾಖಲೆಯ ಅಪಾಯ ಇನ್ನೊಂದು. ಅಮೆರಿಕದಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ 'ಪೆನಿಸಿಲಿನ್ ಒಗ್ಗದು' ಎಂಬ ಟಿಪ್ಪಣಿಯಿದೆ. ಆದರೆ ಸರಿಯಾಗಿ ಪರೀಕ್ಷಿಸಿದಾಗ ಇವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೂ ಹೆಚ್ಚಿನವರಿಗೆ ಆ ಔಷಧ ಒಗ್ಗುತ್ತದೆ. ಬಾಲ್ಯದಲ್ಲಿ ಎಂದೋ ಮೈಮೇಲೆ ಕಾಣಿಸಿಕೊಂಡ ಗಂಧೆಯ ನೆನಪು ಜೀವನಪರ್ಯಂತ ದಾಖಲೆಯಲ್ಲಿ ಉಳಿದು, ಸರಳ ಔಷಧ ಸಾಕಾಗುವಲ್ಲಿ ಪ್ರಬಲ ಔಷಧ ಬರೆಸುತ್ತದೆ. ಗಣಕಕ್ಕೆ ವಿವೇಚನೆಯಿಲ್ಲ, ದಾಖಲೆಯಲ್ಲಿ ಇದ್ದದ್ದನ್ನು ಅದು ನಿಜವೆಂದೇ ನಂಬುತ್ತದೆ.

ಹಾಗಾಗಿಯೇ ಗಣಕದ ಹಿಂದೆ ಮನುಷ್ಯರ ತಂಡವೊಂದು ಇರಲೇಬೇಕು. ಸಾಲ್ಟ್ ಲೇಕ್ ಸಿಟಿಯಲ್ಲಿ ಗಣಕಕ್ಕೆ ನಿಯಮಗಳನ್ನು ರೂಪಿಸಿಕೊಟ್ಟವರು ಆ ಆಸ್ಪತ್ರೆಯ ವೈದ್ಯರೇ. ತಮ್ಮದೇ ಸಹೋದ್ಯೋಗಿಗಳು ಚರ್ಚಿಸಿ ಒಪ್ಪಿದ ನಿಯಮಗಳಾದ್ದರಿಂದ ಉಳಿದವರು ಅವುಗಳಿಗೆ ಬೆಲೆ ಕೊಟ್ಟರು. 2024ರ ಪ್ರಯೋಗದಲ್ಲೂ ಪರದೆಯ ಸೂಚನೆಯ ಜೊತೆಗೆ ತರಬೇತಿ ಹಾಗೂ ವೈದ್ಯರ ಬಳಕೆಯ ಕುರಿತು ಅವರಿಗೇ ಮಾಹಿತಿ ನೀಡುವ ಕ್ರಮವಿತ್ತು. ಯಂತ್ರ ಖರೀದಿಸಿ ಗೋಡೆಗೆ ನೇತುಹಾಕಿದೊಡನೆ ಫಲ ದೊರೆಯದು.

ಭಾರತದಲ್ಲಿ ಸಾಗಬೇಕಾದ ದಾರಿ

ನಮ್ಮಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಪ್ರಬಲ ಆಂಟಿಬಯೋಟಿಕ್‌ಗಳ ಮಾರಾಟವನ್ನು ನಿಯಂತ್ರಿಸುವ 'ಶೆಡ್ಯೂಲ್ ಎಚ್1' 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದಿತು. ಔಷಧ ಪ್ರತಿರೋಧ ತಡೆಯುವ ಮೊದಲ ರಾಷ್ಟ್ರೀಯ ಕ್ರಿಯಾಯೋಜನೆ 2017ರಲ್ಲಿ, ಎರಡನೆಯದು 2025ರ ನವೆಂಬರ್‌ನಲ್ಲಿ ಪ್ರಕಟವಾದವು. 2024ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದು, ಆಂಟಿಬಯೋಟಿಕ್ ಬರೆಯುವಾಗ ಅದರ ಕಾರಣವನ್ನು ಕಡ್ಡಾಯವಾಗಿ ನಮೂದಿಸುವಂತೆ ಕೋರಿತು.

ಕಾಗದದ ಚೀಟಿಯಲ್ಲಿ ಈ ಕೋರಿಕೆ ಪಾಲನೆಯಾಗುತ್ತಿದೆಯೇ ಎಂದು ನೋಡಲು ಸಾವಿರಾರು ಚೀಟಿಗಳನ್ನು ಕೈಯಿಂದ ತಿರುವಿಹಾಕಬೇಕು. ವಿದ್ಯುನ್ಮಾನ ದಾಖಲೆಯಲ್ಲಾದರೆ ಅದು ತುಂಬಲೇಬೇಕಾದ ಒಂದು ಅಂಕಣ. ನಿಯಮ ಮತ್ತು ಪಾಲನೆಯ ನಡುವಿನ ಅಂತರವನ್ನು ದಾಖಲೆ ತುಂಬಬಲ್ಲದು ಎನ್ನುವುದು ಈ ಕಾರಣಕ್ಕೆ.

ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳನ್ನು ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದೆ. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿ ಚಾಲನೆಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆ ಪಡೆದು, ಬೇರೆಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಒಪ್ಪಿಗೆಯ ಮೇರೆಗೆ ಜೋಡಿಸಬಹುದಾಗಿದೆ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಸಾಗುವ ರೋಗಿಗೆ ಇದರ ಮಹತ್ವ ಹೆಚ್ಚು. ಹಿಂದಿನ ಎರಡು ಕಡೆ ಯಾವ ಔಷಧ ನೀಡಲಾಗಿತ್ತು, ಯಾವುದು ಸೋತಿತು ಎಂಬುದು ಮೂರನೆಯ ಕಡೆಯ ವೈದ್ಯರಿಗೆ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಈ ಮಾಹಿತಿ ಅನ್ಯರ ಕೈ ಸೇರದಂತೆ ಕಾಯುವ ಹೊಣೆಯೂ ಅಷ್ಟೇ ದೊಡ್ಡದು.

ಆದರೆ ಗಣಕವೆಂದರೆ ನೋಂದಣಿ ಮತ್ತು ಬಿಲ್ಲಿಗಷ್ಟೇ ಎಂಬಂತಿರುವ ಆಸ್ಪತ್ರೆಯಲ್ಲಿ ಇದಾವುದೂ ಸಾಧ್ಯವಾಗದು. ಔಷಧದ ಆದೇಶ ಕಾಗದದಲ್ಲೇ ಉಳಿದು, ಪ್ರಯೋಗಾಲಯದ ತಂತ್ರಾಂಶ ಔಷಧಾಲಯದ ತಂತ್ರಾಂಶದೊಡನೆ ಮಾತನಾಡದಿದ್ದರೆ, ಮಾಹಿತಿ ಗಣಕದಲ್ಲಿದ್ದೂ ಚದುರಿಯೇ ಇರುತ್ತದೆ. ಅದಕ್ಕೂ ಮೂಲಭೂತವಾದ ಪ್ರಶ್ನೆ ಪ್ರಯೋಗಾಲಯದ್ದು. ಕಲ್ಚರ್ ಪರೀಕ್ಷೆಗೆ ಮಾದರಿಯನ್ನೇ ಕಳುಹಿಸದಿದ್ದರೆ, ಕಳುಹಿಸಿದರೂ ಔಷಧ ಆರಂಭಿಸಿದ ನಂತರ ಕಳುಹಿಸಿದರೆ, ಅತ್ಯಾಧುನಿಕ ಗಣಕಕ್ಕೂ ಹೇಳಲು ಏನೂ ಇರುವುದಿಲ್ಲ. ಖಾಲಿ ದಾಖಲೆ ಎಷ್ಟೇ ವೇಗವಾಗಿ ತೆರೆದುಕೊಂಡರೂ ಖಾಲಿಯೇ.

ಆದ್ದರಿಂದ ಸಣ್ಣ ಆಸ್ಪತ್ರೆಗಳು ಕೋಟಿಗಟ್ಟಲೆ ವೆಚ್ಚದ ತಂತ್ರಾಂಶಕ್ಕೆ ಕಾಯಬೇಕಿಲ್ಲ. ಔಷಧ ಆರಂಭಿಸುವ ಮುನ್ನ ಮಾದರಿ ಸಂಗ್ರಹ, ಆದೇಶದಲ್ಲಿ ಕಾರಣ ಮತ್ತು ಅವಧಿಯ ನಮೂದು, ಮೂರನೆಯ ದಿನದ ಮರುಪರಿಶೀಲನೆ ಈ ಮೂರು ಶಿಸ್ತುಗಳನ್ನು ಮುದ್ರಿತ ನಮೂನೆಯೊಂದರಿಂದಲೇ ಆರಂಭಿಸಬಹುದು. ಕಾಗದದಲ್ಲಿ ರೂಢಿಯಾದ ಶಿಸ್ತನ್ನು ಗಣಕಕ್ಕೆ ದಾಟಿಸುವುದು ಸುಲಭ. ಕಾಗದದಲ್ಲಿ ಇಲ್ಲದ ಶಿಸ್ತನ್ನು ಗಣಕ ಹುಟ್ಟಿಸಲಾರದು.

ರೋಗಿಗಳ ಪಾಲೂ ಇದರಲ್ಲಿದೆ. ಹಳೆಯ ಕಲ್ಚರ್ ವರದಿ ಹಾಗೂ ಬಿಡುಗಡೆಯ ಸಾರಾಂಶವನ್ನು ಜೋಪಾನವಾಗಿಟ್ಟು ಹೊಸ ಆಸ್ಪತ್ರೆಗೆ ಒಯ್ಯುವುದು, ಯಾವ ಔಷಧ ಒಗ್ಗಲಿಲ್ಲ, ಆಗ ಏನಾಯಿತು ಎಂಬುದನ್ನು ಸ್ಪಷ್ಟವಾಗಿ ತಿಳಿಸುವುದು, ಈಚಿನ ತಿಂಗಳುಗಳಲ್ಲಿ ಸೇವಿಸಿದ ಆಂಟಿಬಯೋಟಿಕ್‌ಗಳ ಹೆಸರು ಹೇಳುವುದು ವೈದ್ಯರಿಗೆ ದೊಡ್ಡ ಉಪಕಾರ. ಯಾವ ಸೋಂಕಿಗೆ ಈ ಔಷಧ, ಎಷ್ಟು ದಿನ ಎಂದು ಸೌಜನ್ಯದಿಂದ ಕೇಳುವುದರಲ್ಲಿ ತಪ್ಪೇನಿಲ್ಲ.

ಮಧ್ಯರಾತ್ರಿಯ ಆ ವಾರ್ಡಿನಲ್ಲಿ ನಿರ್ಧಾರ ಕೈಗೊಳ್ಳಬೇಕಾದವರು ಅಂದಿಗೂ ಇಂದಿಗೂ ವೈದ್ಯರೇ. ಆ ಹೊಣೆಯನ್ನು ಯಾವ ಯಂತ್ರವೂ ಹೊರಲಾರದು. ಆದರೆ ಅವರು ಕತ್ತಲಲ್ಲಿ ತಡಕಾಡಬೇಕೇ ಅಥವಾ ಅದೇ ಆಸ್ಪತ್ರೆ ಈಗಾಗಲೇ ಕಲಿತಿರುವ ಪಾಠವನ್ನು ಕಣ್ಣ ಮುಂದಿಟ್ಟುಕೊಂಡು ಬರೆಯಬೇಕೇ ಎಂಬುದನ್ನು ನಿರ್ಧರಿಸುವುದು ಆಸ್ಪತ್ರೆಯ ಆಡಳಿತ. ಹೊಸ ಆಂಟಿಬಯೋಟಿಕ್‌ಗಳ ಆವಿಷ್ಕಾರ ವಿರಳವಾಗಿರುವ ಈ ದಿನಗಳಲ್ಲಿ, ಇರುವ ಔಷಧಗಳ ಹರಿತವನ್ನು ಉಳಿಸಿಕೊಳ್ಳಲು ಆ ಪಾಠವೇ ಅತ್ಯಂತ ಅಗ್ಗದ ಸಾಧನ.